ಆಸ್ಪತ್ರೆಯೇ ಮನೆ ಬಾಗಿಲಿಗೆ ಹೋದರೆ

ವಾರ್ಡಿನಲ್ಲಿ ಚೆನ್ನಾಗಿಯೇ ಇದ್ದರು. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತಿದ್ದರು, ನಿದ್ದೆ ಬರುತ್ತಿತ್ತು, ಕಿವಿಯಲ್ಲಿ ಕೇಳಿಸುತ್ತಿದ್ದ ದನಿಗಳು ತಗ್ಗಿದ್ದವು. ಡಿಸ್ಚಾರ್ಜ್ ಆಯಿತು. ಕೆಲವೇ ತಿಂಗಳಲ್ಲಿ ಅದೇ ಮನುಷ್ಯ ಅದೇ ವಾರ್ಡಿಗೆ ವಾಪಸ್.

1970ರ ಸುಮಾರಿಗೆ ಅಮೆರಿಕದ ಮ್ಯಾಡಿಸನ್ ಊರಿನ ಮೆಂಡೋಟಾ ಮಾನಸಿಕ ಆಸ್ಪತ್ರೆಯಲ್ಲಿ ಇದು ದಿನನಿತ್ಯದ ಗೋಳು. ಅಲ್ಲಿ ಕೆಲಸ ಮಾಡುತ್ತಿದ್ದ ಲಿಯೊನಾರ್ಡ್ ಸ್ಟೈನ್, ಆರ್ನಾಲ್ಡ್ ಮಾರ್ಕ್ಸ್, ಮೇರಿ ಆನ್ ಟೆಸ್ಟ್ ಮತ್ತು ಸಂಗಡಿಗರಿಗೆ ನಿಧಾನವಾಗಿ ಒಂದು ವಿಷಯ ಹೊಳೆಯಿತು. ವಾರ್ಡಿನಲ್ಲಿ ಕಲಿಸಿದ್ದು ವಾರ್ಡಿನಲ್ಲೇ ಉಳಿದುಬಿಡುತ್ತಿತ್ತು. ಆಸ್ಪತ್ರೆಯ ಒಲೆಯಲ್ಲಿ ಅಡುಗೆ ಕಲಿತವರಿಗೆ ತಮ್ಮ ಕೋಣೆಯ ಒಲೆ ಹೊಸದು. ಅಲ್ಲಿ ಗಂಟೆ ಬಾರಿಸಿ ಮಾತ್ರೆ ಕೊಡುವವರು ಇಲ್ಲ. ಬಾಡಿಗೆ ಕೇಳಲು ಬರುವ ಮನೆ ಮಾಲೀಕ ಮಾತ್ರ ಇದ್ದಾನೆ.

ಹಾಗಾದರೆ ವಾರ್ಡಿನ ಸಿಬ್ಬಂದಿಯನ್ನೇ ಊರೊಳಗೆ ಕಳಿಸಿದರೆ?

ಕಳಿಸಿಯೇ ನೋಡಿದರು. ಅಡ್ಮಿಟ್ ಆಗಲು ಬಂದವರಲ್ಲಿ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿನವರನ್ನು ಆದಷ್ಟು ಅಡ್ಮಿಟ್ ಮಾಡಿಕೊಳ್ಳದೆ, ಹಗಲು ರಾತ್ರಿ ಕರೆದರೆ ಸಿಗುವ ಒಂದು ತಂಡ ಅವರು ಇದ್ದಲ್ಲಿಗೇ ಹೋಗಿ ನೋಡಿಕೊಂಡಿತು. 14 ತಿಂಗಳು ಹೀಗೇ ನಡೆಯಿತು. 1980ರಲ್ಲಿ ಪ್ರಕಟವಾದ ಫಲಿತಾಂಶ ಮನೋವೈದ್ಯಲೋಕವನ್ನೇ ಬೆರಗಾಗಿಸಿತು. ಈ ಗುಂಪಿನವರು ಆಸ್ಪತ್ರೆಯಲ್ಲಿ ಕಳೆದ ದಿನಗಳು ತುಂಬಾ ಕಡಿಮೆ ಇದ್ದವು, ಹೊರಗಿನ ಬದುಕೂ ಸುಧಾರಿಸಿತ್ತು.

ಆದರೆ ನನಗೆ ಹೆಚ್ಚು ಹಿಡಿಸಿದ್ದು ಅದರ ನಂತರದ ಕಥೆ. 14 ತಿಂಗಳಾದ ಮೇಲೆ ತಂಡವನ್ನು ಹಿಂತೆಗೆದುಕೊಂಡರು. ಬಂದ ಲಾಭದ ಬಹುಪಾಲು ಕರಗಿಹೋಯಿತು, ಮತ್ತೆ ಆಸ್ಪತ್ರೆ ವಾಸ ಹೆಚ್ಚಿತು. ಇದನ್ನು ಸೋಲು ಅಂದವರಿದ್ದಾರೆ. ಕನ್ನಡಕ ತೆಗೆದರೆ ಕಣ್ಣು ಮತ್ತೆ ಮಂಜಾಗುತ್ತದೆ, ಅದು ಕನ್ನಡಕದ ತಪ್ಪಲ್ಲ ಅಲ್ವಾ?

ಜನ ವಾಪಸ್ ಬರುವುದಾದರೂ ಯಾಕೆ? ಇವರಲ್ಲಿ ಹಲವರಿಗೆ ಇರುವುದು ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆ. ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಇದು ಇದೆ. ಇಲ್ಲದ ದನಿ ಕೇಳಿಸುವುದು, ಯಾರೋ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಅನ್ನುವ ಅಲ್ಲಾಡದ ನಂಬಿಕೆ, ಇವು ಎದ್ದು ಕಾಣುವ ಲಕ್ಷಣಗಳು. ಕಣ್ಣಿಗೆ ಕಾಣದೆ ಹೆಚ್ಚು ಕಾಡುವುದು ಬೇರೆ. ಉತ್ಸಾಹ ಬತ್ತುತ್ತದೆ, ಜನರಿಂದ ದೂರ ಸರಿಯಬೇಕು ಅನಿಸುತ್ತದೆ, ಒಂದು ಕೆಲಸವನ್ನು ಮೊದಲಿಂದ ಕೊನೆವರೆಗೆ ಮಾಡಿ ಮುಗಿಸಲು ಆಗುವುದಿಲ್ಲ. ಮಾತ್ರೆಗಳು ಕೆಲಸ ಮಾಡುತ್ತವೆ, ಅದರಲ್ಲಿ ಅನುಮಾನವಿಲ್ಲ. ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿದ 2012ರ ಒಂದು ವಿಶ್ಲೇಷಣೆಯಲ್ಲಿ, ಔಷಧ ಮುಂದುವರಿಸಿದವರಲ್ಲಿ ಒಂದು ವರ್ಷದೊಳಗೆ ರೋಗ ಮರುಕಳಿಸಿದ್ದು ನೂರಕ್ಕೆ 27 ಮಂದಿಗೆ. ಔಷಧ ಬದಲಿಸಿ ಹುಸಿಮಾತ್ರೆ ಕೊಟ್ಟವರಲ್ಲಿ ಅದು 64.

ತೊಡಕು ಇರುವುದು ಬೇರೆ ಕಡೆ. 'ನನಗೆ ಹುಷಾರಿಲ್ಲ' ಅಂತ ಗುರುತಿಸಬೇಕಾದ ಮಿದುಳಿಗೇ ಇಲ್ಲಿ ಹುಷಾರಿಲ್ಲ. ತಾನು ಕಾಯಿಲೆಯವನು ಅಂತಲೇ ಅನಿಸದವನಿಗೆ 'ಮುಂದಿನ ತಿಂಗಳು 15ನೇ ತಾರೀಕು ಬನ್ನಿ' ಅಂತ ಚೀಟಿ ಬರೆದುಕೊಟ್ಟರೆ ಏನು ಪ್ರಯೋಜನ? ಮಾತ್ರೆಯಿಂದ ಮೈತೂಕ ಏರುತ್ತದೆ, ಕೈ ನಡುಗುತ್ತದೆ, ಮಂಕು ಕವಿಯುತ್ತದೆ. ಬಿಡಲು ಕಾರಣ ಬೇಕಾದಷ್ಟಿವೆ. ಬರದಿದ್ದವರ ಹೆಸರು ರಿಜಿಸ್ಟರಿನಲ್ಲಿ ಸುಮ್ನೆ ಉಳಿಯುತ್ತದೆ, ಮುಂದಿನ ಭೇಟಿ ತುರ್ತು ವಿಭಾಗದಲ್ಲಿ.

ಹೊರಗೆ ಹೋಗುವ ತಂಡ ಈ ಲೆಕ್ಕಾಚಾರವನ್ನೇ ತಿರುವಿ ಹಾಕುತ್ತದೆ. ಅವರು ಬರದಿದ್ದರೆ ನಾವು ಹೋಗುತ್ತೇವೆ, ಅಷ್ಟೆ. ಮ್ಯಾಡಿಸನ್ ಮಾದರಿಯಲ್ಲಿ ಒಬ್ಬ ಸಿಬ್ಬಂದಿಗೆ ಸುಮಾರು 10 ಜನರಷ್ಟೇ. ಅದಕ್ಕಿಂತ ಮುಖ್ಯವಾಗಿ, ಎಲ್ಲರೂ ಇಡೀ ತಂಡದ ಹೊಣೆ. ಮನೋವೈದ್ಯರು, ನರ್ಸ್, ಸಮಾಜ ಕಾರ್ಯಕರ್ತರು ದಿನಾ ಒಮ್ಮೆ ಕೂತು, ನಿನ್ನೆ ಯಾರು ಹೇಗಿದ್ದರು ಅಂತ ಮಾತಾಡಿಕೊಳ್ಳುತ್ತಾರೆ. ಒಬ್ಬರು ಮೂರು ರಾತ್ರಿಯಿಂದ ನಿದ್ದೆ ಮಾಡಿಲ್ಲ. ಇನ್ನೊಬ್ಬರ ಕಿಟಕಿ ಪರದೆ ಹಗಲಲ್ಲೂ ಎಳೆದೇ ಇದೆ. ರೋಗ ಮರುಕಳಿಸುವ ಮುನ್ನ ಹಲವರಲ್ಲಿ ಇಂಥ ಸಣ್ಣ ಸೂಚನೆಗಳು ಕೆಲವು ದಿನ, ಕೆಲವು ವಾರ ಮೊದಲೇ ಕಾಣುತ್ತವೆ. ಆಗಲೇ ಔಷಧದ ಪ್ರಮಾಣ ಸರಿಪಡಿಸಬಹುದು, ಮಾತ್ರೆಯ ಬದಲು ಕೆಲವು ವಾರ ಕೆಲಸ ಮಾಡುವ ಇಂಜೆಕ್ಷನ್ ಕೊಡಬಹುದು. ಉಳಿದ ಕೆಲಸಗಳಲ್ಲಿ ಬಹಳಷ್ಟು ಚಿಕಿತ್ಸೆಯ ಹಾಗೆ ಕಾಣುವುದೇ ಇಲ್ಲ. ಬ್ಯಾಂಕಿಗೆ ಜೊತೆಗೆ ಹೋಗುವುದು, ಬಾಡಿಗೆ ಬಾಕಿಯ ಬಗ್ಗೆ ಮಾಲೀಕನ ಹತ್ತಿರ ಮಾತಾಡುವುದು, ಬಟ್ಟೆ ಒಗೆಯಲು ಜೊತೆಗೆ ನಿಲ್ಲುವುದು.

ಇಲ್ಲಿಗೆ ಮುಗಿದಿದ್ದರೆ ಇದು ಒಳ್ಳೆಯ ಕಥೆ. ಆದರೆ ಮಧ್ಯೆ ಲಂಡನ್ ಬಂತು.

ಬ್ರಿಟನ್ ಇಂಥ ತಂಡಗಳನ್ನು ದೇಶದ ತುಂಬಾ ಕಟ್ಟಲು ಹೊರಟಿತ್ತು. ಲಂಡನ್ನಿನ ಎರಡು ಬಡಾವಣೆಗಳಲ್ಲಿ 251 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2006ರಲ್ಲಿ ಹೊರಬಂತು. 18 ತಿಂಗಳಲ್ಲಿ ಆಸ್ಪತ್ರೆ ವಾಸದಲ್ಲಿ ಎರಡು ಗುಂಪುಗಳ ನಡುವೆ ಗಮನಿಸುವಂಥ ವ್ಯತ್ಯಾಸವೇ ಇಲ್ಲ!

ಮ್ಯಾಡಿಸನ್ನಿನಲ್ಲಿ ಆದದ್ದು ಇಲ್ಲಿ ಯಾಕೆ ಆಗಲಿಲ್ಲ? ಒಂದು, ಹೋಲಿಕೆಯ ಗುಂಪನ್ನು ನೋಡಿ. ಲಂಡನ್ನಿನಲ್ಲಿ 'ಎಂದಿನ ಚಿಕಿತ್ಸೆ' ಅಂದರೂ ಅದು ಸಮುದಾಯ ತಂಡದ ಆರೈಕೆಯೇ. ಅವರೂ ಮನೆಗೆ ಹೋಗುತ್ತಿದ್ದರು, ಇಷ್ಟು ಜಾಸ್ತಿ ಅಲ್ಲ ಅಷ್ಟೇ. ಎರಡು, ಅಲ್ಲಿ ಹಾಸಿಗೆಗಳೇ ಕಡಿಮೆ. ತೀರಾ ಅನಿವಾರ್ಯ ಆದವರಷ್ಟೇ ಒಳಗೆ ಹೋಗುತ್ತಿದ್ದರು. ಮ್ಯಾಡಿಸನ್ನಿನಲ್ಲಿ ಬಟ್ಟೆ ನೀರಲ್ಲಿ ನೆನೆದಿತ್ತು, ಹಿಂಡಿದರೆ ಸುರಿಯಿತು. ಲಂಡನ್ನಿನದು ಆಗಲೇ ಹಿಂಡಿಟ್ಟ ಬಟ್ಟೆ.

ಇದು ಬರೀ ಊಹೆಯಲ್ಲ. ಬ್ರಿಟನ್ನಿನ ಮನೋವೈದ್ಯ ಟಾಮ್ ಬರ್ನ್ಸ್ ಮತ್ತು ಸಂಗಡಿಗರು 29 ಪ್ರಯೋಗಗಳನ್ನು ಒಟ್ಟಿಗಿಟ್ಟು 2007ರಲ್ಲಿ ಲೆಕ್ಕ ಹಾಕಿದರು. ಎಲ್ಲಿ ಮೊದಲಿಂದ ಆಸ್ಪತ್ರೆ ಬಳಕೆ ಜಾಸ್ತಿ ಇತ್ತೋ ಅಲ್ಲಿ ಇಂಥ ತಂಡಗಳಿಂದ ಲಾಭವೂ ಜಾಸ್ತಿ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ ಪರಿಶೀಲನೆ ಆಮೇಲೆ ಬಂತು, ಆಸ್ಪತ್ರೆ ವಾಸ ಸರಾಸರಿ ತಿಂಗಳಿಗೆ 0.86 ದಿನ ಕಡಿಮೆಯಾಗುತ್ತದೆ ಅಂತ ಹೇಳಿತು. ಒಂದು ದಿನವೂ ಇಲ್ಲ. ಆದರೆ ಈ ಸರಾಸರಿಯೊಳಗೆ ವರ್ಷಕ್ಕೆ ನಾಲ್ಕು ಸಲ ಅಡ್ಮಿಟ್ ಆಗುವವರೂ ಇದ್ದಾರೆ, ಆಸ್ಪತ್ರೆಗೆ ಅಪರೂಪಕ್ಕೆ ಹೋಗುವವರೂ ಇದ್ದಾರೆ. ಹಿಂದಿನ ಎರಡು ವರ್ಷಗಳಲ್ಲಿ ತಿಂಗಳಿಗೆ ಸುಮಾರು 4 ದಿನ ಆಸ್ಪತ್ರೆಯಲ್ಲಿ ಕಳೆದಂಥವರಿಗೆ ಈ ಆರೈಕೆ ಬೆಲೆಬಾಳುತ್ತದೆ ಅನ್ನುವುದು ಅದೇ ಪರಿಶೀಲನೆಯ ಮಾತು.

ಇಂಥ ಯೋಜನೆಗಳ ವರದಿ ಓದುವಾಗ ಒಂದು ಬಲೆಯ ಬಗ್ಗೆ ಎಚ್ಚರ ಇರಲಿ. 'ತಂಡ ಶುರುವಾಗುವ ಮೊದಲಿನ ವರ್ಷ ಇಷ್ಟು ದಿನ ಆಸ್ಪತ್ರೆಯಲ್ಲಿದ್ದರು, ನಂತರದ ವರ್ಷ ಅದರ ಅರ್ಧ' ಅಂತ ಅವು ಹೆಮ್ಮೆಯಿಂದ ಹೇಳುತ್ತವೆ. ಜನರನ್ನು ತಂಡಕ್ಕೆ ಸೇರಿಸುವುದು ಯಾವಾಗ? ಅವರ ಸ್ಥಿತಿ ತೀರಾ ಕೆಟ್ಟಾಗ. ಈ ಕಾಯಿಲೆ ಏರುತ್ತಾ ಇಳಿಯುತ್ತಾ ಸಾಗುವಂಥದ್ದು. ಅತಿ ಕೆಟ್ಟ ವರ್ಷದ ಮುಂದಿನ ವರ್ಷ, ಏನೂ ಮಾಡದಿದ್ದರೂ, ಹಲವರಿಗೆ ಸ್ವಲ್ಪ ವಾಸಿ ಇರುತ್ತದೆ. ಜ್ವರ ನೆತ್ತಿಗೇರಿದಾಗ ಕಟ್ಟಿದ ತಾಯತಕ್ಕೂ ಹೀಗೇ ಹೆಸರು ಬರುತ್ತದೆ. ಚೀಟಿ ಎತ್ತಿ ಮಾಡಿದ ಇನ್ನೊಂದು ಗುಂಪು ಪಕ್ಕದಲ್ಲಿ ಇಲ್ಲದಿದ್ದರೆ ಯಾವ ಯೋಜನೆಯೂ ಗೆದ್ದ ಹಾಗೇ ಕಾಣುತ್ತದೆ.

ಕಾನೂನಿನ ಒತ್ತಾಯದಿಂದ ಏನಾದರೂ ಆಗುತ್ತದಾ ಅಂತಲೂ ಇಂಗ್ಲೆಂಡಿನಲ್ಲಿ ನೋಡಿದರು. ಡಿಸ್ಚಾರ್ಜ್ ಆದವರು ಹೊರಗೂ ಚಿಕಿತ್ಸೆ ಮುಂದುವರಿಸಲೇಬೇಕು, ಇಲ್ಲದಿದ್ದರೆ ವಾಪಸ್ ಕರೆಸಬಹುದು ಅನ್ನುವ ಆದೇಶ ಅದು. 2013ರಲ್ಲಿ ಉತ್ತರ ಬಂತು. ಆದೇಶ ಇದ್ದವರಲ್ಲಿ ವರ್ಷದೊಳಗೆ ಮತ್ತೆ ಅಡ್ಮಿಟ್ ಆದವರು ನೂರಕ್ಕೆ 36, ಹೋಲಿಕೆಯ ಗುಂಪಿನಲ್ಲೂ 36.

ನನ್ನ ತಕರಾರು ಇರುವುದು ಅಳತೆಗೋಲಿನ ಮೇಲೆ. ಹಾಸಿಗೆ ದಿನಗಳನ್ನು ಎಣಿಸುವುದು ಸುಲಭ, ಖರ್ಚಿನ ಲೆಕ್ಕಕ್ಕೂ ಅನುಕೂಲ. ಆದರೆ ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಎರಡು ವರ್ಷ ಕೂತವರ ಆಸ್ಪತ್ರೆ ಬಳಕೆ ಸೊನ್ನೆ. ತಂಡ ಅವರನ್ನು ಕಂಡುಹಿಡಿದು ಅಡ್ಮಿಟ್ ಮಾಡಿಸಿದರೆ ಲೆಕ್ಕದಲ್ಲಿ ಅದು ಏರಿಕೆ. ಅವರ ಮಟ್ಟಿಗೆ ಅದೇ ಮೊದಲ ಚಿಕಿತ್ಸೆ. ತಮಿಳುನಾಡು, ಗೋವಾ, ಮಹಾರಾಷ್ಟ್ರಗಳಲ್ಲಿ 282 ಜನರೊಂದಿಗೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗ, ತರಬೇತಿ ಪಡೆದ ಸಾಮಾನ್ಯ ಜನರನ್ನೇ ಮನೆಗಳಿಗೆ ಕಳಿಸಿತು. ಅಲ್ಲಿ ಮುಖ್ಯವಾಗಿ ಅಳೆದದ್ದು ರೋಗಲಕ್ಷಣ ಮತ್ತು ದಿನನಿತ್ಯದ ಬದುಕಿಗಾದ ಅಡ್ಡಿ. ಒಂದು ವರ್ಷದ ಕೊನೆಗೆ ದಿನನಿತ್ಯದ ಬದುಕಿನ ಅಡ್ಡಿಯಲ್ಲಿ ಸಣ್ಣದಾದರೂ ನಿಜವಾದ ಸುಧಾರಣೆ ಕಂಡಿತು. ರೋಗಲಕ್ಷಣವೂ ತುಸು ತಗ್ಗಿತ್ತು, ಆದರೆ ಅದು ಆಕಸ್ಮಿಕ ಅಲ್ಲ ಅಂತ ಖಚಿತವಾಗಿ ಹೇಳುವಷ್ಟಲ್ಲ.

ಲಂಡನ್ನಿನ ಪ್ರಯೋಗದಲ್ಲೂ ಇನ್ನೊಂದು ಸಾಲಿತ್ತು, ಅದು ಅಷ್ಟಾಗಿ ಸುದ್ದಿಯಾಗಲಿಲ್ಲ. ಹೊಸ ತಂಡದ ಆರೈಕೆಯಲ್ಲಿದ್ದವರಿಗೆ ಹೆಚ್ಚು ಸಮಾಧಾನವಿತ್ತು, ಚಿಕಿತ್ಸೆಯ ಸಂಪರ್ಕದಲ್ಲೂ ಅವರು ಹೆಚ್ಚಾಗಿ ಉಳಿದುಕೊಂಡರು. ಈ ಸಂಪರ್ಕ ಶುರುವಾಗುವುದು ಎಷ್ಟೋ ಸಲ ತೆರೆಯದ ಬಾಗಿಲ ಮುಂದೆ. ಬಂದವರು ಬಾಗಿಲ ಆಚೆಯಿಂದಲೇ ಹೆಸರು ಹೇಳಿ, 'ಮಂಗಳವಾರ ಮತ್ತೆ ಬರ್ತೀನಿ' ಅಂದು ಹೋಗುತ್ತಾರೆ. ಮಂಗಳವಾರ ಬರುತ್ತಾರೆ. ಅದರ ಮುಂದಿನ ಮಂಗಳವಾರವೂ.