ಕೆಂಪು ಪಲ್ಲಟ: ವಿಶ್ವ ಎಷ್ಟು ಹಿಗ್ಗಿದೆ ಎಂದು ಹೇಳುವ ಅಳತೆ

ದೂರದ ಗ್ಯಾಲಕ್ಸಿಯಿಂದ ಹೊರಟ ಬೆಳಕು ನಮ್ಮ ಟೆಲಿಸ್ಕೋಪ್ ಸೇರುವಷ್ಟರಲ್ಲಿ ಅದರ ಅಲೆ ಉದ್ದವಾಗಿರುತ್ತದೆ. ಕಣ್ಣಿಗೆ ಕಾಣುವ ಬಣ್ಣಗಳಲ್ಲಿ ಎಲ್ಲಕ್ಕಿಂತ ಉದ್ದದ ಅಲೆ ಕೆಂಪಿನದು. ಅದಕ್ಕೇ ಈ ಬದಲಾವಣೆಗೆ ಕೆಂಪು ಪಲ್ಲಟ ಎಂದು ಹೆಸರು. ರೆಡ್‌ಶಿಫ್ಟ್ ಎಂದರೂ ಇದೇ.

ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಡಿಗ್ರಿಗೆ ಫಿಸಿಕ್ಸ್ ತೆಗೆದುಕೊಂಡಿದ್ದವರು ಲ್ಯಾಬಿನ ಕತ್ತಲೆಯಲ್ಲಿ ಹೈಡ್ರೋಜನ್ ಟ್ಯೂಬ್ ಹಚ್ಚಿ, ಸ್ಪೆಕ್ಟ್ರೋಮೀಟರಿಗೆ ಕಣ್ಣಿಟ್ಟಿರುತ್ತೀರಿ. ಅಲ್ಲೊಂದು ಎದ್ದು ಕಾಣುವ ಕೆಂಪು ಗೆರೆ, ಅಲ್ವಾ? ಅದರ ಅಲೆಯುದ್ದ ಸುಮಾರು 656 ನ್ಯಾನೊಮೀಟರ್. ಗ್ಯಾಲಕ್ಸಿಯಲ್ಲಿರುವುದೂ ಇದೇ ಹೈಡ್ರೋಜನ್, ಹೊರಡುವಾಗ ಅದರ ಗೆರೆಯೂ ಇಲ್ಲೇ. ಆದರೆ ಒಂದು ಗ್ಯಾಲಕ್ಸಿಯ ಬೆಳಕಿನಲ್ಲಿ ಆ ಗೆರೆ 1312 ನ್ಯಾನೊಮೀಟರಿನಲ್ಲಿ ಸಿಕ್ಕಿತು ಅಂದುಕೊಳ್ಳಿ. ಅಲೆ ಎರಡು ಪಟ್ಟಾಗಿದೆ. ಕೆಂಪನ್ನೂ ದಾಟಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ಗೆ ಹೋಗಿಬಿಟ್ಟಿದೆ. ಹೆಚ್ಚಿದ ಉದ್ದವನ್ನು ಮೊದಲಿನ ಉದ್ದದಿಂದ ಭಾಗಿಸಿದರೆ ಬರುವುದು 1. ಇದೇ ಆ ಗ್ಯಾಲಕ್ಸಿಯ ಕೆಂಪು ಪಲ್ಲಟ.

ಈ ಸಂಖ್ಯೆಯಲ್ಲಿ ಇರುವ ವಿಷಯ ದೊಡ್ಡದು. ಇದಕ್ಕೆ 1 ಕೂಡಿಸಿದರೆ, ಬೆಳಕು ಹೊರಟ ದಿನದಿಂದ ಇವತ್ತಿನವರೆಗೆ ವಿಶ್ವ ಎಷ್ಟು ಪಟ್ಟು ಹಿಗ್ಗಿದೆ ಎಂಬುದು ಸಿಗುತ್ತದೆ. ಪಲ್ಲಟ 1 ಇದ್ದರೆ, ಆ ಬೆಳಕು ಹೊರಟಾಗ ಗ್ಯಾಲಕ್ಸಿ ಸಮೂಹಗಳ ನಡುವಿನ ದೂರ ಈಗಿನ ಅರ್ಧದಷ್ಟಿತ್ತು. ಟೈಲರ್ ಅಂಗಡಿಯಲ್ಲಿ ಸಿಗುವ ಎಲಾಸ್ಟಿಕ್ ಪಟ್ಟಿಯ ಮೇಲೆ ಪೆನ್ನಿನಿಂದ ಅಲೆ ಬರೆದು ಎಳೆದು ನೋಡಿ. ಅಲೆಯನ್ನು ಯಾರೂ ಮುಟ್ಟಿಲ್ಲ, ಪಟ್ಟಿ ಹಿಗ್ಗಿತು, ಜೊತೆಗೆ ಅಲೆಯೂ ಹಿಗ್ಗಿತು.

ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಹಾಸನದ ಸಾಲಗಾಮೆ ರಸ್ತೆಯಲ್ಲಿ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಕೇಂದ್ರ ಎಂಸಿಎಫ್ ಇದೆ, ದೊಡ್ಡ ದೊಡ್ಡ ಡಿಶ್ ಆಂಟೆನಾಗಳು. ಉಪಗ್ರಹ ದೂರ ಸರಿಯುತ್ತಿದ್ದರೆ ಅದರ ರೇಡಿಯೊ ಅಲೆಯೂ ಒಂದಿಷ್ಟು ಉದ್ದವಾಗಿ ಬರುತ್ತದೆ. ಅದು ಡಾಪ್ಲರ್ ಪರಿಣಾಮ, ಓಟದಿಂದ ಆಗುವಂಥದ್ದು. ದೂರದ ಗ್ಯಾಲಕ್ಸಿಗಳ ಪಲ್ಲಟ ಮುಖ್ಯವಾಗಿ ಓಟದಿಂದ ಆದದ್ದಲ್ಲ. ನಡುವಿನ ಜಾಗವೇ ಹಿಗ್ಗಿದ್ದರಿಂದ ಆದದ್ದು. ಮಹಾಸ್ಫೋಟ ಎಂದ ಕೂಡಲೇ ಎಲ್ಲೋ ಒಂದು ಕಡೆ ಬಾಂಬ್ ಸಿಡಿದು ಚೂರುಗಳು ಹಾರಿದ ಚಿತ್ರ ಮನಸ್ಸಿಗೆ ಬರುತ್ತದೆ. ಆ ಚಿತ್ರವನ್ನು ಬಿಡುವುದೇ ಒಳ್ಳೆಯದು. ವಿಶ್ವಕ್ಕೆ ನಡುಮಧ್ಯ ಎನ್ನುವ ಜಾಗ ಇಲ್ಲ.

1927ರಲ್ಲಿ ಬೆಲ್ಜಿಯಂನ ಪಾದ್ರಿ, ಭೌತವಿಜ್ಞಾನಿ ಜಾರ್ಜ್ ಲೆಮೇತ್ರ್ ವಿಶ್ವ ಹಿಗ್ಗುತ್ತಿದೆ ಎಂದು ಲೆಕ್ಕ ಹಾಕಿ ತೋರಿಸಿದರು. 1929ರಲ್ಲಿ ಅಮೆರಿಕದ ಖಗೋಳವಿಜ್ಞಾನಿ ಎಡ್ವಿನ್ ಹಬಲ್ ಅಳತೆಗಳನ್ನು ಮುಂದಿಟ್ಟರು: ಗ್ಯಾಲಕ್ಸಿ ದೂರ ಇದ್ದಷ್ಟೂ ಪಲ್ಲಟ ಜಾಸ್ತಿ.

ಹಾಗಾದರೆ ಹಾಸನಕ್ಕೂ ಬೇಲೂರಿಗೂ ನಡುವಿನ ದಾರಿಯೂ ಉದ್ದ ಆಗುತ್ತಿದೆಯಾ? ಇಲ್ಲ. ಭೂಮಿ, ಸೌರಮಂಡಲ, ನಮ್ಮ ಇಡೀ ಗ್ಯಾಲಕ್ಸಿ ಇವೆಲ್ಲ ಬಿಗಿಯಾಗಿ ಹಿಡಿದುಕೊಂಡಿರುವ ವಸ್ತುಗಳು, ಒಳಗೆ ಹಿಗ್ಗುವುದಿಲ್ಲ. ನೆರೆಯ ಆಂಡ್ರೊಮಿಡಾ ಗ್ಯಾಲಕ್ಸಿಯನ್ನೂ ಗುರುತ್ವ ಹೀಗೇ ಹಿಡಿದಿದೆ. ಅದು ನಮ್ಮ ಕಡೆಗೇ ಬರುತ್ತಿದೆ, ಸೆಕೆಂಡಿಗೆ ಸುಮಾರು 110 ಕಿಲೋಮೀಟರ್. ಅದರದ್ದು ನೀಲಿ ಪಲ್ಲಟ, ಅಂದರೆ ಅಲೆ ಗಿಡ್ಡವಾಗಿ ಬರುತ್ತದೆ. ನವೆಂಬರ್‌ನಲ್ಲಿ ಮಳೆಮೋಡ ಸರಿದ, ತಿಂಗಳ ಬೆಳಕಿಲ್ಲದ ರಾತ್ರಿ ಒಂಬತ್ತರ ಹೊತ್ತಿಗೆ, ಚಿಕ್ಕಮಗಳೂರಿನ ಪೇಟೆ ದೀಪಗಳಿಂದ ದೂರ ನಿಂತು ಉತ್ತರದ ಕಡೆ ಎತ್ತರದಲ್ಲಿ ಹುಡುಕಿ. ಒರೆಸಿಬಿಟ್ಟ ಹಾಗೆ ಮಸುಕಾದ ಒಂದು ಚುಕ್ಕೆ. ಬರಿಗಣ್ಣಿಗೆ ಸಿಗುತ್ತದೆ. ಆ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷ ಆಯಿತು.

ಬೆಳಕಿನಲ್ಲಿ ನಾವು ಅಳೆದಿರುವ ಅತಿ ದೊಡ್ಡ ಪಲ್ಲಟ ಯಾವ ಗ್ಯಾಲಕ್ಸಿಯದ್ದೂ ಅಲ್ಲ. 1965ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಪೆಂಜಿಯಾಸ್ ಮತ್ತು ವಿಲ್ಸನ್ ಅವರ ಆಂಟೆನಾದಲ್ಲಿ ಎತ್ತ ತಿರುಗಿಸಿದರೂ ನಿಲ್ಲದ ಒಂದು ರೇಡಿಯೊ ಸದ್ದು ಇತ್ತು. ಅದು ವಿಶ್ವಕ್ಕೆ ಬರೀ 3.8 ಲಕ್ಷ ವರ್ಷ ಆಗಿದ್ದಾಗ ಹೊರಟ ಬೆಳಕು. ಈಗ ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ. ಇದರ ಪಲ್ಲಟ ಸುಮಾರು 1100. ಹೊರಟಾಗ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟಿದ್ದ ಅಲೆ ಇವತ್ತು ಒಂದು ಮಿಲಿಮೀಟರ್ ಆಸುಪಾಸು ಇದೆ, 3000 ಕೆಲ್ವಿನ್ ಬಿಸಿ 2.7ಕ್ಕೆ ಇಳಿದಿದೆ. ಅದಕ್ಕಿಂತ ಹಳೆಯ ಬೆಳಕು ನೇರವಾಗಿ ನಮಗೆ ಸಿಗುವುದಿಲ್ಲ. ಆಗ ವಿಶ್ವವೆಲ್ಲ ಬಿಸಿ ಪ್ಲಾಸ್ಮಾ. ಬಿಡಿ ಎಲೆಕ್ಟ್ರಾನುಗಳಿಗೆ ಬಡಿದು ಬಡಿದು, ಬೆಳಕು ನೆಟ್ಟಗೆ ಮುಂದೆ ಹೋಗಲು ಆಗುತ್ತಿರಲಿಲ್ಲ.