ಹುಳು ಸಾಯುವಾಗ ಬರುವ ಫಿಟ್ಸ್

ಚೆನ್ನಾಗಿ ಊಟ ಮಾಡಿಕೊಂಡು, ಆಡಿಕೊಂಡಿರುವ ಏಳೆಂಟು ವರ್ಷದ ಮಗು. ಜ್ವರ ಇಲ್ಲ, ತಲೆಗೆ ಪೆಟ್ಟೂ ಬಿದ್ದಿಲ್ಲ. ಇದ್ದಕ್ಕಿದ್ದ ಹಾಗೆ ಒಂದು ಕೈ ಅದುರಲು ಶುರುವಾಗುತ್ತದೆ, ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆ. ಎರಡು ನಿಮಿಷದಲ್ಲಿ ಎಲ್ಲ ನಿಂತು ಮಗು ನಿದ್ದೆಗೆ ಜಾರುತ್ತದೆ. ಸ್ಕ್ಯಾನ್ ಮಾಡಿದರೆ ಮೆದುಳಿನಲ್ಲಿ ಉಂಗುರದಂಥ ಒಂದು ಪುಟ್ಟ ಗಂಟು, ಕೆಲವೊಮ್ಮೆ ಅದರೊಳಗೊಂದು ಚುಕ್ಕಿ. ಆ ಚುಕ್ಕಿಯೇ ಲಾಡಿಹುಳುವಿನ ಮರಿಯ ತಲೆ. ಈ ಕಾಯಿಲೆಯ ಹೆಸರು ನ್ಯೂರೋಸಿಸ್ಟಿಸರ್ಕೋಸಿಸ್.

‘ನಾವು ಹಂದಿ ಮಾಂಸ ಮುಟ್ಟೋದೇ ಇಲ್ಲ ಡಾಕ್ಟ್ರೇ’ ಎನ್ನುತ್ತಾರೆ ಹೆತ್ತವರು. ಮುಟ್ಟಬೇಕಾಗಿಯೂ ಇಲ್ಲ. ಸರಿಯಾಗಿ ಬೇಯದ ಹಂದಿ ಮಾಂಸ ತಿಂದವರಿಗೆ ಕರುಳಿನಲ್ಲಿ ಲಾಡಿಹುಳು ಬೆಳೆಯಬಹುದು, ಅಷ್ಟೆ. ಮೆದುಳಿನ ಕಾಯಿಲೆ ಬರುವುದು ಆ ಹುಳುವಿನ ಮೊಟ್ಟೆ ನುಂಗಿದವರಿಗೆ. ಮೊಟ್ಟೆ ಹೊರಗೆ ಬರುವುದು ಮನುಷ್ಯರ ಮಲದಲ್ಲಿ. ತೊಳೆಯದ ಕೈ, ಕೊಳಕು ನೀರು, ಹಸಿ ತರಕಾರಿ, ಹೀಗೆ ಯಾವುದರಿಂದಲಾದರೂ ಅದು ಬಾಯಿಗೆ ಸೇರಬಹುದು. ಮನೆಯಲ್ಲೇ ಒಬ್ಬರ ಹೊಟ್ಟೆಯಲ್ಲಿ ಹುಳು ಇದ್ದು, ಅವರಿಗೇ ಗೊತ್ತಿಲ್ಲದಿರುವುದೂ ಉಂಟು. ಅದಕ್ಕೇ ಮನೆಯವರೆಲ್ಲರ ಮಲ ಪರೀಕ್ಷೆ ಮಾಡಿಸಿ ಎನ್ನುತ್ತೇವೆ. ಬೇಜಾರು ಮಾಡಿಕೊಳ್ಳುವವರೇ ಜಾಸ್ತಿ!

ಮೊಟ್ಟೆಯಿಂದ ಬಂದ ಮರಿ ಕರುಳನ್ನು ದಾಟಿ, ರಕ್ತದ ಜೊತೆ ಮೆದುಳು ಸೇರಿ, ನೀರುಗುಳ್ಳೆಯಾಗಿ ಕೂರುತ್ತದೆ. ಬದುಕಿರುವಷ್ಟು ಕಾಲ ಅದು ದೇಹದ ಕಾವಲಿನ ಕಣ್ಣು ತಪ್ಪಿಸಿಕೊಂಡಿರುತ್ತದೆ. ಎಷ್ಟೋ ಸಲ ವರ್ಷಗಟ್ಟಲೆ ಯಾವ ತೊಂದರೆಯೂ ಕಾಣಿಸುವುದಿಲ್ಲ. ಅದು ಸಾಯತೊಡಗಿದಾಗಲೇ ರೋಗನಿರೋಧಕ ಶಕ್ತಿ ಅದರ ಮೇಲೆ ಬೀಳುವುದು. ಸುತ್ತಲ ಜಾಗ ಊದಿಕೊಳ್ಳುತ್ತದೆ, ಫಿಟ್ಸ್ ಬರುತ್ತದೆ. ಮಗು ಗಟ್ಟಿಮುಟ್ಟಾಗಿದ್ದರೂ ಹೀಗೇಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ: ಊತ ತರುವುದು ಮಗುವಿನದೇ ರೋಗನಿರೋಧಕ ಶಕ್ತಿ.

ಹಾಗಾಗಿ ದಯವಿಟ್ಟು ಅಂಗಡಿಯಿಂದ ಜಂತುಹುಳದ ಮಾತ್ರೆ ತಂದು ನೀವೇ ಕೊಡಬೇಡಿ. ಆಲ್ಬೆಂಡಜೋಲ್ ನಾವೂ ಕೊಡುತ್ತೇವೆ, ಮಗುವಿನ ತೂಕ ನೋಡಿ, ಸಾಮಾನ್ಯವಾಗಿ 10ರಿಂದ 14 ದಿನ. ಆದರೆ ಹುಳು ಸಾಯುವಾಗ ಊತ ಏರುತ್ತದಲ್ವಾ, ಅದನ್ನು ತಡೆಯಲು ಮೊದಲೇ ಸ್ಟೀರಾಯ್ಡ್ ಶುರು ಮಾಡಿರುತ್ತೇವೆ. ಕಣ್ಣಿನೊಳಗೂ ಗುಳ್ಳೆ ಇದೆಯೇ ಎಂದು ನೋಡಿರುತ್ತೇವೆ. ಅಲ್ಲಿ ಊತ ಬಂದರೆ ದೃಷ್ಟಿಗೇ ಕುತ್ತು. ಗುಳ್ಳೆಗಳು ತುಂಬಾ ಇದ್ದು ಮೆದುಳು ಆಗಲೇ ಊದಿಕೊಂಡಿದ್ದರೆ ಹುಳುವಿನ ಔಷಧಿಯನ್ನು ಆಗ ಕೊಡುವುದೇ ಇಲ್ಲ. ಗಂಟು ಹುಳುವಿನದೇ ಹೌದೋ ಎಂದೂ ನೋಡಬೇಕು, ಏಕೆಂದರೆ ಕ್ಷಯದ ಗಂಟೂ ಸ್ಕ್ಯಾನಿನಲ್ಲಿ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ. ಸಾಮಾನ್ಯವಾಗಿ ಅದು 2 ಸೆಂಟಿಮೀಟರಿಗಿಂತ ದೊಡ್ಡದು, ಆದರೂ ಅಳತೆಯೊಂದನ್ನೇ ನಂಬುವಂತಿಲ್ಲ.

ಫಿಟ್ಸ್ ಮಾತ್ರೆಯ ವಿಷಯವೇ ಬೇರೆ. ಒಂದೇ ಗಂಟಾದರೆ ಎಷ್ಟೋ ಮಕ್ಕಳಲ್ಲಿ ಕೆಲವು ತಿಂಗಳಲ್ಲಿ ಕರಗಿಹೋಗುತ್ತದೆ. ಹೀಗೆ ಕರಗಿದವರಿಗೆ ಮಾತ್ರೆಯನ್ನು ನಿಧಾನವಾಗಿ ನಿಲ್ಲಿಸಬಹುದು. ಸುಣ್ಣಗಟ್ಟಿ ಉಳಿದುಬಿಟ್ಟರೆ ಮತ್ತೆ ಫಿಟ್ಸ್ ಬರುವ ಸಾಧ್ಯತೆ ಇರುತ್ತದೆ, ಮಾತ್ರೆ ಜಾಸ್ತಿ ದಿನ ಬೇಕಾಗುತ್ತದೆ. ‘ಈಗ ಚೆನ್ನಾಗಿದ್ದಾನಲ್ಲ’ ಎಂದು ಸುಮ್ನೆ ಬಿಟ್ಟುಬಿಡಬೇಡಿ.

ಫಿಟ್ಸ್ ಬಂದಾಗ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಚಮಚ, ಬೆರಳು, ನೀರು ಏನೂ ಬೇಡ. 5 ನಿಮಿಷವಾದರೂ ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಮೆದುಳಿನಲ್ಲಿರುವ ಗಂಟಿನಿಂದ ಕಾಯಿಲೆ ಯಾರಿಗೂ ಹರಡುವುದಿಲ್ಲ. ಮಗು ಸುಧಾರಿಸಿಕೊಂಡ ಮೇಲೆ ಶಾಲೆಗೆ ಕಳಿಸಬಹುದು.