ಮೊದಲು ಮೇವು, ಆಮೇಲೆ ಮೀನು: ಮ್ಯಾಂಡರಿನ್ ಸಾಕಬಯಸುವವರಿಗೆ

ಮನೆಗಳಲ್ಲಿರುವ ಉಪ್ಪುನೀರಿನ ಮೀನುತೊಟ್ಟಿಗಳ ಆರೋಗ್ಯವನ್ನು ನೋಡಿಕೊಳ್ಳುವುದು ನನ್ನ ವೃತ್ತಿ. ಬೆಂಗಳೂರಿನ ಮನೆಗಳಿಂದ ನನಗೆ ಬರುವ ಕರೆಗಳಲ್ಲಿ ಒಂದು ಬಗೆಯದು ಮತ್ತೆ ಮತ್ತೆ ಬರುತ್ತದೆ. "ಸರ್, ನೀರಿನ ಪರೀಕ್ಷೆ ಮಾಡಿದ್ದೇವೆ, ಎಲ್ಲ ಸರಿಯಾಗಿದೆ. ಕ್ಲೌನ್ ಮೀನುಗಳು ಚೆನ್ನಾಗಿವೆ. ಮ್ಯಾಂಡರಿನ್ ಒಂದೇ ದಿನೇ ದಿನೇ ಸೊರಗುತ್ತಿದೆ. ಏನು ಔಷಧ ಹಾಕೋಣ?" ಹೋಗಿ ನೋಡಿದರೆ ಮೀನಿನ ಮೈಮೇಲೆ ಚುಕ್ಕೆಯಿಲ್ಲ, ಗಾಯವಿಲ್ಲ, ಉಸಿರಾಟದಲ್ಲಿ ಏರುಪೇರಿಲ್ಲ. ತಲೆಯ ಹಿಂಭಾಗ ಮಾತ್ರ ಕುಳಿಬಿದ್ದಿರುತ್ತದೆ, ಹೊಟ್ಟೆ ಬೆನ್ನಿಗೆ ಹತ್ತಿರುತ್ತದೆ. ಅದಕ್ಕೆ ಬಂದಿರುವುದು ರೋಗವಲ್ಲ, ಹಸಿವು. ಕಣ್ಣೆದುರಿಗೆ ದಿನಕ್ಕೆರಡು ಬಾರಿ ಆಹಾರ ಬೀಳುವ ತೊಟ್ಟಿಯಲ್ಲೇ ಆ ಮೀನು ವಾರಗಟ್ಟಲೆ ಉಪವಾಸವಿದ್ದು ಸಾಯುತ್ತಿರುತ್ತದೆ.

ಸಿಂಕಿರೋಪಸ್ ಸ್ಪ್ಲೆಂಡಿಡಸ್ ಎಂಬುದು ಈ ಮ್ಯಾಂಡರಿನ್ ಮೀನಿನ ವೈಜ್ಞಾನಿಕ ಹೆಸರು. 1927ರಲ್ಲಿ ಆಲ್ಬರ್ಟ್ ಹೆರೆ ಎಂಬ ವಿಜ್ಞಾನಿ ಫಿಲಿಪೀನ್ಸ್‌ನ ಮೀನುಗಳನ್ನು ಆಧರಿಸಿ ಇದನ್ನು ಮೊದಲು ವರ್ಣಿಸಿದರು. ಇದು ನಮ್ಮ ಅರಬ್ಬಿ ಸಮುದ್ರದ ಮೀನಲ್ಲ. ಜಪಾನಿನ ರ‍್ಯೂಕ್ಯೂ ದ್ವೀಪಗಳಿಂದ ಫಿಲಿಪೀನ್ಸ್, ಇಂಡೋನೇಷ್ಯಾಗಳನ್ನು ದಾಟಿ ಆಸ್ಟ್ರೇಲಿಯಾದವರೆಗೆ, ಪಶ್ಚಿಮ ಶಾಂತಸಾಗರದ ಅಲೆಯಬ್ಬರವಿಲ್ಲದ ಆಳವಿಲ್ಲದ ನೀರಿನಲ್ಲಿ, ಒಡೆದ ಹವಳದ ಚೂರುಗಳ ನಡುವೆ ಬದುಕುತ್ತದೆ. ಬೆರಳುದ್ದದ, ಹೆಚ್ಚೆಂದರೆ ಏಳೆಂಟು ಸೆಂಟಿಮೀಟರಿನ ಈ ಮೀನಿನ ನೀಲಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಮೀನು, ಹಕ್ಕಿಗಳಲ್ಲಿ ನಾವು ಕಾಣುವ ನೀಲಿ ಸಾಮಾನ್ಯವಾಗಿ ನಿಜವಾದ ಬಣ್ಣವಲ್ಲ, ಸೂಕ್ಷ್ಮ ರಚನೆಗಳ ಮೇಲೆ ಬೆಳಕು ಚದುರಿ ಹುಟ್ಟುವ ತೋರಿಕೆ. ಆದರೆ ಮ್ಯಾಂಡರಿನ್ ಮತ್ತು ಅದರ ಹತ್ತಿರದ ಬಂಧುವಿನಲ್ಲಿ ಜೀವಕೋಶದೊಳಗೇ ನೀಲಿ ವರ್ಣದ್ರವ್ಯವಿದೆ ಎಂಬುದನ್ನು ಜಪಾನಿನ ಸಂಶೋಧಕರು 1995ರಲ್ಲಿ ತೋರಿಸಿಕೊಟ್ಟರು. ಅಂಗಡಿಯಲ್ಲಿ ಇದನ್ನು ಕಂಡವರು ಹಿಂದುಮುಂದು ನೋಡದೆ ಕೊಳ್ಳುವುದಕ್ಕೆ ಈ ಬಣ್ಣವೇ ಕಾರಣ, ಅದರ ಅಕಾಲ ಮರಣಕ್ಕೂ ಹಲವು ಸಲ ಅದೇ ಕಾರಣವಾಗುತ್ತದೆ.

ಇದು ತಿನ್ನುವ ಬಗೆಯನ್ನು ಅರ್ಥಮಾಡಿಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಮ್ಯಾಂಡರಿನ್ ನೀರಿನಲ್ಲಿ ತೇಲಿಬರುವ ಆಹಾರಕ್ಕೆ ಧಾವಿಸುವ ಮೀನಲ್ಲ. ಕಲ್ಲಿನ ಮೇಲೆ ಹೊಟ್ಟೆರೆಕ್ಕೆಗಳನ್ನೂರಿ ನಡೆದಾಡುವಂತೆ ಸಾಗುತ್ತಾ, ಕ್ಷಣಕಾಲ ನಿಂತು, ಕಣ್ಣು ಹೊರಳಿಸಿ ದಿಟ್ಟಿಸಿ, ಪುಟ್ಟ ಬಾಯನ್ನು ಮುಂದಕ್ಕೆ ಚಾಚಿ ಒಂದೊಂದೇ ಜೀವಿಯನ್ನು ಹೆಕ್ಕುತ್ತದೆ. ಅದರ ಮುಖ್ಯ ಆಹಾರ ಕೋಪೆಪಾಡ್‌ಗಳು, ಅಂದರೆ ಸಾಸಿವೆಗಿಂತಲೂ ಚಿಕ್ಕದಾದ ಸಿಗಡಿಯ ಜಾತಿಯ ಜೀವಿಗಳು. ಜೊತೆಗೆ ಸಣ್ಣ ಹುಳುಗಳು, ಪುಟಾಣಿ ಬಸವನಹುಳುಗಳು, ಬೇರೆ ಮೀನುಗಳ ಮೊಟ್ಟೆಗಳು. ಒಂದೊಂದು ತುತ್ತೂ ಇಷ್ಟು ಸಣ್ಣದಾದ್ದರಿಂದ ಹಗಲಿಡೀ ಕೆಲವೇ ಸೆಕೆಂಡುಗಳಿಗೊಮ್ಮೆ ಹೆಕ್ಕುತ್ತಿದ್ದರೆ ಮಾತ್ರ ಹೊಟ್ಟೆ ತುಂಬುತ್ತದೆ. ನಮ್ಮ ಹಳ್ಳಿಗಳ ದನ ಗೋಮಾಳದಲ್ಲಿ ಮೇಯುವಂತೆಯೇ ಇದು ಮೇಯುತ್ತದೆ. ಅಂಥ ದನವನ್ನು ಸಿಮೆಂಟಿನ ಅಂಗಳದಲ್ಲಿ ಕಟ್ಟಿ, ಬೆಳಿಗ್ಗೆ ಸಂಜೆ ಒಂದೊಂದು ಹಿಡಿ ಹುಲ್ಲು ಎಸೆದರೆ ಏನಾಗುತ್ತದೆಯೋ ಹೊಸ ತೊಟ್ಟಿಗೆ ತಂದು ಬಿಟ್ಟ ಮ್ಯಾಂಡರಿನ್ನಿಗೂ ಅದೇ ಆಗುತ್ತದೆ.

ಹಾಗಾಗಿ ಈ ಮೀನನ್ನು ಸಾಕಬೇಕೆನ್ನುವವರಿಗೆ ನಾನು ಮೊದಲು ಕೇಳುವುದು ತೊಟ್ಟಿಯ ಅಳತೆಯನ್ನಲ್ಲ, ವಯಸ್ಸನ್ನು. ಆರು ತಿಂಗಳು ತುಂಬದ ತೊಟ್ಟಿಗೆ ಇದನ್ನು ತರಲೇಬಾರದು, ಒಂದು ವರ್ಷ ಕಳೆದಿದ್ದರೆ ಇನ್ನೂ ಒಳ್ಳೆಯದು. ಗಾತ್ರದಲ್ಲಿ 200 ಲೀಟರಿಗೆ ಕಡಿಮೆಯಿರಬಾರದು, 300 ಲೀಟರಾದರೆ ನನಗೆ ಧೈರ್ಯ. ಕಲ್ಲುಗಳ ಸಂದುಗೊಂದು ಹೆಚ್ಚಿದಷ್ಟೂ ಕೋಪೆಪಾಡ್‌ಗಳಿಗೆ ಅಡಗಿ ಮರಿಮಾಡಲು ಜಾಗ ಸಿಗುತ್ತದೆ. ತೊಟ್ಟಿ ಸಿದ್ಧವಾಗಿದೆಯೇ ಎಂದು ತಿಳಿಯಲು ಯಾವ ಉಪಕರಣವೂ ಬೇಡ. ದೀಪ ಆರಿಸಿ ಎರಡು ಗಂಟೆಯ ಬಳಿಕ ಟಾರ್ಚ್ ಹಿಡಿದು ಗಾಜಿನ ಒಳಮೈಯನ್ನು ನೋಡಿ. ಬಿಳಿಯ ಚುಕ್ಕೆಗಳು ಎಲ್ಲಿ ನೋಡಿದರಲ್ಲಿ ಸರಿದಾಡುತ್ತಿದ್ದರೆ, ಅದೂ ಒಂದು ರಾತ್ರಿಯಲ್ಲ, ಸತತವಾಗಿ ಕೆಲವು ವಾರ ಕಾಣುತ್ತಿದ್ದರೆ ಮೇವು ಬೆಳೆದಿದೆ ಎಂದರ್ಥ. ಹುಡುಕಿ ಹುಡುಕಿ ನಾಲ್ಕಾರು ಕಂಡರೆ ಇನ್ನೂ ಕಾಯಬೇಕು.

ಬಾಟಲಿಯಲ್ಲಿ ಮಾರುವ ಜೀವಂತ ಕೋಪೆಪಾಡ್‌ಗಳನ್ನು ತಂದು ಸುರಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಬಿತ್ತನೆಗೆ ಅದು ಒಳ್ಳೆಯದು, ಊಟಕ್ಕೆ ಸಾಲದು. ಮೀನು ಒಳಗಿರುವಾಗ ಸುರಿದದ್ದು ಕೆಲವೇ ದಿನಗಳಲ್ಲಿ ಖಾಲಿಯಾಗುತ್ತದೆ, ಆದರೆ ಒಂದು ಕೋಪೆಪಾಡ್ ಮೊಟ್ಟೆಯೊಡೆದು ಬೆಳೆದು ತಾನೇ ಮೊಟ್ಟೆಯಿಡಲು, ಜಾತಿಯನ್ನು ಅವಲಂಬಿಸಿ, ಒಂದರಿಂದ ಮೂರು ವಾರ ಬೇಕು. ಮೀನು ತರುವ ಎರಡು ಮೂರು ತಿಂಗಳ ಮೊದಲೇ ಬಿತ್ತಬೇಕು, ಅವು ಯಾರ ಬಾಯಿಗೂ ಸಿಗದೆ ಹೆಚ್ಚುವ ಒಂದು ಮೂಲೆಯನ್ನೂ ಕಟ್ಟಿಕೊಡಬೇಕು. ತೊಟ್ಟಿಯ ಕೆಳಗಿನ, ನೀರು ಸೋಸಿ ಮೇಲಕ್ಕೆ ಮರಳಿಸುವ ಸಂಪ್‌ನಲ್ಲಿ ಒಂದು ಭಾಗವನ್ನು ಬೇರ್ಪಡಿಸಿ, ಕೀಟೊಮಾರ್ಫಾ ಎಂಬ, ನೂಲಿನ ಉಂಡೆಯಂತಹ ಹಸಿರು ಪಾಚಿಯನ್ನು ಬೆಳೆಸಿದರೆ ಆ ಮೂಲೆ ಸಿದ್ಧ. ಇದನ್ನೇ ರೆಫ್ಯೂಜಿಯಂ ಎನ್ನುತ್ತಾರೆ. ಮೇಲಿನ ತೊಟ್ಟಿಯ ದೀಪ ಆರಿದಾಗ ಇಲ್ಲಿನ ದೀಪ ಉರಿಯುವಂತೆ ಟೈಮರ್ ಇಟ್ಟರೆ ರಾತ್ರಿ ನೀರಿನ ಪಿಎಚ್ ಇಳಿಯುವುದೂ ತಗ್ಗುತ್ತದೆ. ಕೋಪೆಪಾಡ್‌ಗಳಿಗೂ ಊಟ ಬೇಕೆಂಬುದನ್ನು ಮಾತ್ರ ಬಹಳ ಜನ ಮರೆಯುತ್ತಾರೆ. ನ್ಯಾನೊಕ್ಲೋರಾಪ್ಸಿಸ್‌ನಂತಹ ಹಸಿರು ಸಸ್ಯಪ್ಲವಕದ ದ್ರಾವಣವನ್ನು ವಾರಕ್ಕೆ ಎರಡು ಮೂರು ಬಾರಿ ಸ್ವಲ್ಪ ಸ್ವಲ್ಪ ಹಾಕಿ, ಆ ಹೊತ್ತು ನೀರಿನ ಕಸವನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ನಿಲ್ಲಿಸಿರಿ.

ಕಲ್ಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಜೀವಂತ ಕಲ್ಲು, ಅಂದರೆ ಸಣ್ಣ ಜೀವಿಗಳು ನೆಲೆಸಿರುವ ಸಮುದ್ರದ ಕಲ್ಲು, ಬೇಗ ಫಲ ಕೊಡುತ್ತದೆಂದು ಯಾರಾದರೂ ನೇತ್ರಾಣಿಯ ಸುತ್ತಲಿನದೋ ಲಕ್ಷದ್ವೀಪದ್ದೋ ಹವಳದ ತುಂಡನ್ನು ತಂದುಕೊಡುತ್ತೇನೆಂದರೆ ಒಪ್ಪಬೇಡಿ. ದಿಬ್ಬ ಕಟ್ಟುವ ಹವಳಗಳು 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಒಣಕಲ್ಲನ್ನೇ ಕೊಂಡು, ನಂಬಿಕೆಯ ಹಳೆಯ ತೊಟ್ಟಿಯೊಂದರಿಂದ ಒಂದು ಹಿಡಿ ಪಾಚಿ ತಂದು ಸೇರಿಸಿದರೆ ತಡವಾದರೂ ಅದೇ ಜೀವಂತವಾಗುತ್ತದೆ.

ಇಷ್ಟೆಲ್ಲ ಬೆಳೆದ ಮೇವನ್ನು ಪಾಲು ಕೇಳುವವರು ತೊಟ್ಟಿಯಲ್ಲಿರಬಾರದು. ಆರು ಗೆರೆಯ ರ‍್ಯಾಸ್ ಎಂಬ ಮೀನು ಇರುವ ತೊಟ್ಟಿಗೆ ಮ್ಯಾಂಡರಿನ್ ತರುವುದನ್ನು ನಾನು ಖಂಡಿತವಾಗಿ ಬೇಡವೆನ್ನುತ್ತೇನೆ, ಏಕೆಂದರೆ ಅದೂ ಇದೇ ಕೋಪೆಪಾಡ್‌ಗಳನ್ನು ಇದಕ್ಕಿಂತ ಬಹಳ ಚುರುಕಾಗಿ ಹೆಕ್ಕುತ್ತದೆ. ಕ್ಲೌನ್ ಮೀನಿನಿಂದ ಇಂಥ ತೊಂದರೆಯಿಲ್ಲ. ಎರಡು ಗಂಡು ಮ್ಯಾಂಡರಿನ್‌ಗಳನ್ನು ಒಟ್ಟಿಗೆ ಬಿಟ್ಟರೆ ಒಂದು ಸಾಯುವವರೆಗೂ ಕಾದಾಡುತ್ತವೆ. ಮೊದಲ ಬೆನ್ನುರೆಕ್ಕೆಯ ಮುಂದಿನ ಮುಳ್ಳು ನೀಳವಾಗಿ ಬಾವುಟದ ಕೋಲಿನಂತೆ ನಿಂತಿದ್ದರೆ ಅದು ಗಂಡು.

ಕೊಳ್ಳುವಾಗ ಮೀನನ್ನು ಪಕ್ಕದಿಂದಲ್ಲ, ಮೇಲಿನಿಂದ ನೋಡಬೇಕು. ತಲೆ ಅಗಲವಾಗಿದ್ದು, ಅದರ ಹಿಂದೆಯೇ ಮೈ ಸಟ್ಟನೆ ಸಣಕಲಾಗಿದ್ದರೆ ಆ ಮೀನು ಹಸಿದು ಬಹಳ ದಿನವಾಗಿದೆ. ಅಂಥದ್ದನ್ನು ಕನಿಕರಪಟ್ಟು ತಂದವರ ಮನೆಗಳಲ್ಲಿ ಅದು ಉಳಿದದ್ದನ್ನು ನಾನು ಕಂಡಿರುವುದು ಕಡಿಮೆ. ಹೊಟ್ಟೆಯ ಭಾಗದಲ್ಲಿ ಚುಚ್ಚಿದ ಗುರುತಿದೆಯೇ ಎಂದೂ ನೋಡಿರಿ. ಫಿಲಿಪೀನ್ಸ್‌ನ ಕೆಲವೆಡೆ ಸೂಜಿಯಂತಹ ಪುಟ್ಟ ಈಟಿಯಿಂದ ಇವನ್ನು ಹಿಡಿಯುವ ರೂಢಿಯಿದೆ. ಸಾಧ್ಯವಾದರೆ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮರಿಗಳನ್ನು ಕೇಳಿ ತರಿಸಿಕೊಳ್ಳಿ. ಸಮುದ್ರದಿಂದ ಹಿಡಿದ ಮೀನಿಗಿಂತ ಬೆಲೆ ಹೆಚ್ಚಾದರೂ ಅವು ಚಿಕ್ಕಂದಿನಿಂದ ತಯಾರಿ ಆಹಾರವನ್ನೂ ತಿಂದು ಬೆಳೆದಿರುವುದರಿಂದ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಅಂಗಡಿಯವರು ಬಲೆ ಹಾಕಿ ಹಿಡಿಯಹೊರಟರೆ ತಡೆದು, ಡಬ್ಬಿಯಲ್ಲಿ ಹಿಡಿಯಲು ಹೇಳಿರಿ. ಕಿವಿರಿನ ಮುಚ್ಚಳದ ಬಳಿಯಿರುವ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಲೋಳೆ ಹರಿದು ಮೈ ಗಾಯವಾಗುತ್ತದೆ.

ಆ ಲೋಳೆಯೇ ಇದರ ಕವಚ. ಮೈಮೇಲೆ ಹುರುಪೆಗಳಿಲ್ಲ, ದಪ್ಪನೆಯ, ಕೆಟ್ಟ ವಾಸನೆಯ ಲೋಳೆಯ ಪದರವಿದೆ. ಬಿಳಿಚುಕ್ಕೆ ರೋಗವನ್ನು ತರುವ ಕ್ರಿಪ್ಟೋಕಾರಿಯಾನ್ ಪರಾವಲಂಬಿ ಬೇರೆ ಮೀನುಗಳಿಗೆ ಹತ್ತಿದಷ್ಟು ಸುಲಭವಾಗಿ ಇದಕ್ಕೆ ಹತ್ತುವುದಿಲ್ಲ, ಹಾಗೆಂದು ಹತ್ತುವುದೇ ಇಲ್ಲವೆಂದು ತಿಳಿಯಬಾರದು. ಹತ್ತಿದರೆ ತಾಮ್ರದ ಔಷಧ ಹಾಕುವ ಆತುರವನ್ನು ದಯವಿಟ್ಟು ತಡೆದುಕೊಳ್ಳಿ, ಹುರುಪೆಯಿಲ್ಲದ ಈ ಮೀನು ತಾಮ್ರವನ್ನು ಸಹಿಸುವುದು ಕಷ್ಟ. ನಾನು ಅನುಸರಿಸುವುದು ತೊಟ್ಟಿ ಬದಲಿಸುವ ಕ್ರಮವನ್ನು: ಮೂರು ದಿನಕ್ಕೊಮ್ಮೆ, ನಾಲ್ಕು ಬಾರಿ, ತೊಳೆದು ಒಣಗಿಸಿದ ಬೇರೆ ತೊಟ್ಟಿಗೆ ಮೀನನ್ನು ಸಾಗಿಸಿದರೆ ಮೈಯಿಂದ ಉದುರಿದ ಪರಾವಲಂಬಿ ಮತ್ತೆ ಮರಿಯೊಡೆದು ಬರುವ ಮೊದಲೇ ಹಿಂದೆ ಉಳಿದುಬಿಡುತ್ತದೆ. ಮೈಮೇಲೆ ನವಿರಾದ ಧೂಳು ಉದುರಿದಂತೆ ಕಾಣುವ ವೆಲ್ವೆಟ್ ಎಂಬ ಇನ್ನೊಂದು ಪರಾವಲಂಬಿ ರೋಗಕ್ಕೆ ಈ ಕ್ರಮ ಸಾಲದು. ಹೀಗೆ ಬದಲಿಸುವ ಬರಿದಾದ ತೊಟ್ಟಿಗಳಲ್ಲಿ ಮೇಯಲು ಏನೂ ಇರುವುದಿಲ್ಲವಾದ್ದರಿಂದ ಅಷ್ಟೂ ದಿನ ಜೀವಂತ ಆಹಾರವನ್ನು ನಾವೇ ಒದಗಿಸಬೇಕು.

ಇದಕ್ಕಾಗಿಯೇ ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಸಿಗಡಿಯ ಮೊಟ್ಟೆಗಳನ್ನು ಮನೆಯಲ್ಲಿ ಮರಿಮಾಡಿಸುವುದನ್ನು ಮೀನು ತರುವ ಮೊದಲೇ ಕಲಿತಿರಬೇಕು. ಉಪ್ಪುನೀರಿನ ಬಾಟಲಿಗೆ ಗಾಳಿ ಬಿಟ್ಟು, 28 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಟ್ಟರೆ ಸುಮಾರು ಒಂದು ದಿನದಲ್ಲಿ ಕಿತ್ತಳೆ ಬಣ್ಣದ ಮರಿಗಳು ಸಿಗುತ್ತವೆ. ಹೊಸದಾಗಿ ಹುಟ್ಟಿದಾಗಲೇ ಅವುಗಳಲ್ಲಿ ಪುಷ್ಟಿ ಹೆಚ್ಚು, ಹೊತ್ತು ಕಳೆದಂತೆ ಸಾರ ಇಳಿಯುತ್ತದೆ. ಕಳೆದ ಬೇಸಿಗೆಯಲ್ಲಿ ಒಂದು ಮನೆಯಲ್ಲಿ ಸೊರಗಿದ ಹೆಣ್ಣು ಮೀನೊಂದಕ್ಕೆ ಇದನ್ನೇ ಮಾಡಿಸಿದೆ. ಅಗಲ ಬಾಯಿಯ ಸಣ್ಣ ಗಾಜಿನ ಬಾಟಲಿಯನ್ನು ಮರಳಿನ ಮೇಲೆ ಅಡ್ಡಲಾಗಿ ಇಟ್ಟು, ಪಂಪ್ ನಿಲ್ಲಿಸಿ, ಪಿಪೆಟ್‌ನಿಂದ ಮರಿಗಳನ್ನು ಅದರೊಳಗೆ ದಿನಕ್ಕೆ ನಾಲ್ಕು ಬಾರಿ ಬಿಡಬೇಕಿತ್ತು. ಉಳಿದ ಮೀನುಗಳು ಬಾಟಲಿಯೊಳಗೆ ನುಗ್ಗಲು ಹಿಂಜರಿದವು, ಮ್ಯಾಂಡರಿನ್ ಮೂರನೆಯ ದಿನ ನಡೆದುಕೊಂಡು ಒಳಗೆ ಹೋಯಿತು. ಎರಡು ವಾರದ ಬಳಿಕ ಮರಿಗಳ ಜೊತೆಗೆ ಮೀನಿನ ಮೊಟ್ಟೆಗಳನ್ನೂ ಕೆಡಿಸದೆ ಶೀತಲೀಕರಿಸಿದ ಕೋಪೆಪಾಡ್‌ಗಳನ್ನೂ ಬೆರೆಸತೊಡಗಿದೆವು. ಕುಳಿಬಿದ್ದ ಬೆನ್ನು ತುಂಬಿಕೊಳ್ಳಲು ಐದು ವಾರಗಳೇ ಹಿಡಿದವು. ಆ ಮನೆಯ ಹಿರಿಯರೊಬ್ಬರು ಪ್ರತಿದಿನ ಬೆಳಿಗ್ಗೆ ಐದು ನಿಮಿಷ ಕುಳಿತು ಮೀನು ಎಷ್ಟು ಬಾರಿ ಹೆಕ್ಕುತ್ತದೆಂದು ಎಣಿಸಿ ಬರೆದಿಟ್ಟ ಪುಸ್ತಕ ನನಗೆ ಯಾವ ಪರೀಕ್ಷೆಯ ವರದಿಗಿಂತಲೂ ಹೆಚ್ಚು ಉಪಯೋಗಕ್ಕೆ ಬಂತು. ಎಣಿಕೆ ಇಳಿಯತೊಡಗಿದರೆ ಹೊಟ್ಟೆ ಕುಗ್ಗುವ ಮೊದಲೇ ನಮಗೆ ಸುಳಿವು ಸಿಗುತ್ತದೆ.

ನೀರಿನ ವಿಷಯ ಎಲ್ಲ ಹವಳದ ಮೀನುಗಳಿಗೂ ಒಂದೇ: ಸಾಂದ್ರತೆ 1.025, ಶಾಖ 24ರಿಂದ 26 ಡಿಗ್ರಿ, ಪಿಎಚ್ 8.1ರಿಂದ 8.4, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ. ಕಾವೇರಿ ನೀರಾಗಲಿ ಬೋರ್‌ವೆಲ್ ನೀರಾಗಲಿ ನೇರವಾಗಿ ಬಳಸದೆ ಆರ್‌ಒ ನೀರಿಗೇ ಉಪ್ಪು ಬೆರೆಸಿರಿ. ಆವಿಯಾದಷ್ಟನ್ನು ತುಂಬುವಾಗ ಉಪ್ಪಿಲ್ಲದ ಆರ್‌ಒ ನೀರನ್ನೇ ಸೇರಿಸಬೇಕು, ಉಪ್ಪು ಆವಿಯಾಗುವುದಿಲ್ಲ. ಮಂಗಳೂರು, ಉಡುಪಿಗಳಲ್ಲಿ ನೀರನ್ನು ತಂಪಾಗಿಸುವ ಚಿಲ್ಲರ್ ಇಲ್ಲದೆ ಬೇಸಿಗೆ ದಾಟುವುದು ಕಷ್ಟ. ವಿದ್ಯುತ್ ಹೋದಾಗ ಬ್ಯಾಟರಿಯ ಗಾಳಿ ಪಂಪ್ ಕೈಗೆಟಕುವಂತಿರಲಿ. ಮೇಲೆ ಜಾಳಿಗೆಯ ಮುಚ್ಚಳವೂ ಇರಲಿ, ಬೆದರಿದ ಮ್ಯಾಂಡರಿನ್ ಹೊರಗೆ ಜಿಗಿಯಬಲ್ಲದು.

ಚೆನ್ನಾಗಿ ಮೇಯ್ದ ಗಂಡುಹೆಣ್ಣಿನ ಜೋಡಿಯಿದ್ದರೆ, ದೀಪ ಮಂಕಾಗುವ ಹೊತ್ತಿಗೆ ಅವೆರಡೂ ಕಲ್ಲಿನ ಮರೆಯಿಂದ ಹೊರಬಂದು, ಪಕ್ಕಕ್ಕೆ ಪಕ್ಕ ತಾಗಿಸಿಕೊಂಡು ನಿಧಾನವಾಗಿ ಮೇಲೇರಿ, ನೀರಿನ ಮೇಲ್ಭಾಗದಲ್ಲಿ ಮೊಟ್ಟೆ ಬಿಟ್ಟು ಥಟ್ಟನೆ ಕೆಳಗಿಳಿಯುವುದನ್ನು ಕಾಣಬಹುದು. ನನ್ನ ವೃತ್ತಿಯಲ್ಲಿ ಇದಕ್ಕಿಂತ ಸಂತೋಷ ಕೊಟ್ಟ ನೋಟ ಬೇರೆಯಿಲ್ಲ. ಆದರೆ ಮೊಟ್ಟೆಯಿಡುವ ಹೆಣ್ಣಿಗೆ ಮೊದಲಿಗಿಂತ ಹೆಚ್ಚು ಆಹಾರ ಬೇಕು. ಮರುದಿನ ಬೆಳಿಗ್ಗೆ ಅದನ್ನು ಮತ್ತೆ ಮೇಲಿನಿಂದ ನೋಡಿ. ತಲೆಯ ಹಿಂದೆ ಮೈ ಸ್ವಲ್ಪ ಸಣ್ಣಗಾದಂತೆ ಕಂಡರೂ ಆ ವಾರವೇ ಆರ್ಟೀಮಿಯಾ ಬಾಟಲಿಯನ್ನು ಮತ್ತೆ ಮರಳಿನ ಮೇಲೆ ಇಡಿ.